ಅಪ್ಪನ ಕಾರಿಗೆ ಬ್ಯಾಟರಿ

ಅಲ್ಲ ಅಪ್ಪ, ಅಗ್ಗಕ್ಕೆ ಸಿಕ್ತು ಅಂತ ಕಣ್ಣು ಮುಚ್ಚಿಕೊಂಡು ತಗೊಳ್ಳೋಕಾಗಲ್ಲ, ಅದನ್ನೇ ನಾನು ಹೇಳ್ತಿರೋದು. ತಿರುವಿನ ಅಂಗಡಿಯವನು ಎಲ್ಲರಿಗಿಂತ ಕಡಿಮೆಗೆ ಕೊಡ್ತಾನೆ. ಸರಿ. ಯಾಕೆ ಕೊಡ್ತಾನೆ? ಅವನ ಹತ್ರ ಇರೋದೆಲ್ಲ ಹಳೇ ಸರಕು. ಬ್ಯಾಟರಿ ಮೇಲೆ ಅದು ತಯಾರಾದ ತಿಂಗಳು ಒತ್ತಿರ್ತಾರಲ್ಲ, ಸರಿಯಾಗಿ ಅದರ ಮೇಲೇ ಬೆಲೆ ಚೀಟಿ ಅಂಟಿಸಿದ್ದಾನೆ. ನಾನು ಉಗುರಲ್ಲಿ ಕೆರೆದೆ. ಕೆರೀಬೇಡಿ ಮೇಡಂ, ಬಣ್ಣ ಹೋಗುತ್ತೆ ಅಂದ. ಬ್ಯಾಟರಿಗೆ ಎಂಥಾ ಬಣ್ಣ ಅಪ್ಪ... ಕಪಾಟಲ್ಲಿ ಸುಮ್ಮನೆ ಕೂತಿದ್ರೂ ಅದು ಒಳಗೊಳಗೇ ಸವೀತಾ ಇರುತ್ತೆ. ಅವನ ಅಂಗಡೀಲಿ ಕೂತು ಮುದಿಯಾಗಿದ್ದನ್ನ ತಂದು ನಾವು ಹೊಸದು ಅಂತ ಕೂರಿಸಿಕೊಳ್ಳೋದಾ?

ಯಾಕೆ ನಗ್ತೀಯ?

ನಗು, ನಗು. ಮಗಳನ್ನ ಬಿ.ಎಸ್ಸಿ. ಓದಿಸಿದ್ದು ಚೀಟಿ ಕೆರೆಯೋಕೆ ಅಂತ ತಾನೆ? ಅಮ್ಮಾನೂ ಬೆಳಿಗ್ಗೆ ಅದೇ ರಾಗ. ಕಾಲೇಜಿನ ಲ್ಯಾಬಲ್ಲಿ ಊರ ಮಕ್ಕಳಿಗೆಲ್ಲ ಕರೆಂಟು ಅಳೆಯೋದು ಕಲಿಸ್ತೀಯ, ಮನೆ ಕಾರಿಗೆ ಒಂದು ಬ್ಯಾಟರಿ ಹುಡುಕೋಷ್ಟರಲ್ಲಿ ಸ್ಕೂಲಿನ ರಜೆಯೇ ಮುಗೀತು ಅಂದ್ಲು. ನಾನು ತಿರುಗಿ ಮಾತಾಡಲಿಲ್ಲ. ಹೊಲಿಗೆ ಮಿಷನ್ ಮುಂದೆ ಕೂತವರ ಜೊತೆ ವಾದ ಮಾಡಬಾರದು, ಕೈಯಲ್ಲಿ ಕತ್ತರಿ ಇರುತ್ತೆ.

ಗೊತ್ತಪ್ಪ, ಸೋಮವಾರ ಸ್ಕೂಲು ಶುರು. ಐದು ಮನೆ ಮಕ್ಕಳು ಬ್ಯಾಗ್ ಏರಿಸಿಕೊಂಡು ಗೇಟಲ್ಲಿ ನಿಂತಿರ್ತಾರೆ, ಕಾರ್ ತಾತ ಎಲ್ಲಿ ಅಂತ. ಮೂಲೆಮನೆ ಪುಟಾಣಿಯ ಅಮ್ಮ ದಾರೀಲಿ ಸಿಕ್ಕಿ ಕೇಳಿದ್ರು, ಕಾರು ಸರಿಯಾಯ್ತಾ ಅಂತ. ಆಗ್ತಾ ಇದೆ ಅಂದೆ. ಇನ್ನೇನು ಹೇಳಲಿ. ರಜೆಗೆ ಮುಂಚಿನ ದಿನ ರಸ್ತೆ ಮಧ್ಯ ನಿಂತ ಕಾರು, ಇವತ್ತಿಗೂ ಮನೆ ಮುಂದೆ ಧೂಳು ತಿಂತಾ ನಿಂತಿದೆ.

ಮೊದಲಿಂದ ನೋಡೋಣ, ಆಯ್ತಾ? ಬೇಜಾರಾದ್ರೂ ಕೇಳು.

ಕಂಪನಿಯವರ ಸರ್ವಿಸ್ ಸೆಂಟರ್. ಮಾಲು ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬ್ಯಾಟರಿ ಹಾಕಿ ಅಂತ ಕೊಟ್ರೆ ಕಾರನ್ನ ಒಳಗೆ ತಗೊಂಡು ಹೋಗಿ, ನಮ್ಮನ್ನ ಗಾಜಿನ ಈಚೆ ಕೂರಿಸ್ತಾರೆ. ಹೊರಗೆ ಬರುವಾಗ ವೈಪರ್ ಬದಲಾಗಿರುತ್ತೆ, ಫಿಲ್ಟರ್ ಬದಲಾಗಿರುತ್ತೆ, ಕಾರಿಗೆ ಸ್ನಾನ ಆಗಿರುತ್ತೆ. ಬಿಲ್ಲಲ್ಲಿ ಬ್ಯಾಟರಿ ಎಲ್ಲಿದೆ ಅಂತ ನಾವು ಹುಡುಕಬೇಕು. ಅಲ್ಲಿಗೆ ಬೇಡ.

ಆಮೇಲೆ, ಫೋನ್ ಮಾಡಿದ್ರೆ ಮನೆಗೇ ಬಂದು ಹಾಕಿ ಹೋಗೋರು. ಬೆಲೆ ಚೆನ್ನಾಗಿದೆ. ಹಳೇದನ್ನ ಅವರಿಗೇ ಕೊಟ್ರೆ ಇನ್ನೂ ಇಳಿಸ್ತಾರೆ. ಆದ್ರೆ ನಾಳೆ ಕೆಟ್ರೆ? ಅವರಿಗೆ ಅಂಗಡಿ ಇಲ್ಲ, ಬಾಗಿಲು ಇಲ್ಲ, ಬರೀ ಒಂದು ನಂಬರ್. ಆ ನಂಬರಲ್ಲಿ ಒಂದು ಹೆಣ್ಣು ದನಿ, ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ ಅನ್ನುತ್ತೆ. ನಿನಗೆ ಅದೆಲ್ಲ ಆಗುತ್ತಾ? ಹೋದ ಸಲ ಗ್ಯಾಸಿಗೆ ಫೋನ್ ಮಾಡಿದಾಗ ಆ ದನಿಗೆ ನೀನು, ಚೆನ್ನಾಗಿದ್ದೀಯೇನಮ್ಮ ಅಂತ ಕೇಳಿದೆ.

ಕೇಳಿದೆ ಅಪ್ಪ. ನಾನು ಪಕ್ಕದಲ್ಲೇ ಇದ್ದೆ.

ಏನು ಹೌದು ಹೌದು... ಎಲ್ಲದಕ್ಕೂ ಹೌದು ಅಂತೀಯ. ಸರ್ವಿಸ್ ಸೆಂಟರ್ ಬೇಡ ಅಂದೆ, ನೀನು ಹೌದು ಅಂದೆ. ಫೋನಿನವರು ಬೇಡ ಅಂದ್ರೂ ಹೌದು. ತಿರುವಿನವನು ಬೇಡ ಅಂದ್ರೂ ಹೌದು. ಟೈರಿಗೆ ಗಾಳಿ ಹಾಕೋನ ಹತ್ರಾನೂ ಅರ್ಧ ಗಂಟೆ ಜಗಳ ಆಡೋ ಮನುಷ್ಯ ನೀನು. ಒಂದು ಸ್ಕ್ರೂ ತರೋಕೆ ಮೂರು ಬೀದಿ ಸುತ್ತಿಸ್ತಿದ್ದೆ ನನ್ನನ್ನ. ಈ ಬ್ಯಾಟರಿ ವಿಷಯಕ್ಕೆ ಮಾತ್ರ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯ. ಒಂದು ಸಲನಾದ್ರೂ, ಸಾಕು ಮಾಡೇ ನಿನ್ನ ಪುರಾಣ, ಅಂತ ಬೈಯ್ಯಬಾರದಾ?

ನನಗೂ ಸಾಕಾಗಿದೆ ಅಪ್ಪ. ಕಾಲೇಜು ಮುಗಿಸಿ, ದಿನಾ ಒಂದೊಂದು ಅಂಗಡಿ ಮೆಟ್ಟಿಲು ಹತ್ತಿ, ಬೇಡ ಅನ್ನೋಕೆ ಒಂದೊಂದು ಕಾರಣ ಹುಡುಕಿ... ಅಲ್ಲ, ಒಳ್ಳೇದು ಯಾವುದು ಅಂತ ಹುಡುಕಿ. ಕಾಲು ಬಿದ್ದು ಹೋಗಿದೆ.

ಎಲ್ಲಿಗೆ ಎದ್ದೆ? ಕೂತ್ಕೋ, ನೀರು ಬೇಕಾದ್ರೆ ನಾನು ತರ್ತೀನಿ. ನಿಧಾನಕ್ಕೆ... ಗೋಡೆ ಹಿಡ್ಕೋ. ನಾನೆಲ್ಲಿ ಹಿಡ್ಕೊಂಡೆ, ಸುಮ್ಮನೆ ಕೈ ಚಾಚಿದೆ ಅಷ್ಟೇ. ಸರಿ, ಮುಟ್ಟಲ್ಲ.

ಫೋನಾ? ಯಾರದು, ಕೊಡು ನೋಡೋಣ... ಲಾರಿ ಮಾಮನಾ? ‘ನಾಳೆ ಸಂಜೆ ಬರ್ತೀನಿ ಭಾವ’ ಅಂತ ಬರೆದಿದ್ದಾರೆ. ಯಾಕೆ ಬರ್ತಾರೆ?

ನೀನೇ ಕರೆದ್ಯಾ?

ಯಾವಾಗ ಕರೆದೆ? ನನಗೆ ಒಂದು ಮಾತು ಹೇಳಬಾರದಿತ್ತಾ? ನಾನು ಇಲ್ಲಿ ಊರೆಲ್ಲ ಅಲೀತಾ ಇದ್ದೀನಿ, ನೀನು ಹಿಂದಿಂದ... ಅಮ್ಮನ ತಮ್ಮ ಅಂತ ನಾನೇನೂ ಅನ್ನಬಾರದು, ಆದ್ರೆ ಆ ಮನೆ ನೋಡಿದ್ದೀಯಲ್ಲ. ಲಾರಿ ಓಡಿಸೋದು ಬಿಟ್ಟು ಎಷ್ಟು ಕಾಲ ಆಯ್ತು, ಇನ್ನೂ ಮಂಚದ ಕೆಳಗೆ ಲಾರಿ ಸಾಮಾನು. ಅದರಲ್ಲಿ ಎರಡು ಬ್ಯಾಟರಿ ಇದೆ, ಯಾರೋ ಬಿಸಾಕಿದ್ದು. ಆಸಿಡ್ ಬದಲಾಯಿಸಿ, ಮೇಲೆ ಒರೆಸಿ, ಹೊಸದರ ಹಾಗಿದೆ ಅಂತಾರೆ. ಅದನ್ನೇ ತಾನೆ ತರೋದು? ಪುಕ್ಕಟೆ ಬರುತ್ತೆ ಅಂತ ತಾನೆ ನೀನು ಕರೆದಿದ್ದು?

ಸುಮ್ಮನಿದ್ರೆ ಹೌದು ಅಂತಾನೇ ಅರ್ಥ.

ಅದು ಕೂರಲ್ಲ ಅಪ್ಪ. ನಮ್ಮ ಕಾರಿಗೆ ಪ್ಲಸ್ ಬಲಗಡೆ ಬರಬೇಕು, ಅವರದ್ದು ಎಡಗಡೆ ಇದ್ರೆ ವೈರು ಸಾಲಲ್ಲ. ಅಗಲಾನೂ ಜಾಸ್ತಿ ಇರುತ್ತೆ, ತಟ್ಟೇಲಿ ಕೂರಲ್ಲ, ಬಾನೆಟ್ ಮುಚ್ಚೋಕಾಗಲ್ಲ... ಹಗ್ಗ ಕಟ್ತೀನಿ ಅಂತಾರೆ ಮಾಮ, ನಂಗೊತ್ತು. ಕಟ್ಟಿ, ಕೀ ತಿರುಗಿಸಿ, ನೋಡು ಹೇಗೆ ಎದ್ದ ಅಂತಾರೆ. ನೀನು ಸೋಮವಾರ ಬೆಳಿಗ್ಗೆ ಐದು ಮಕ್ಕಳನ್ನ ತುಂಬಿಸಿಕೊಂಡು ಹೊರಡ್ತೀಯ. ದಾರೀಲಿ ಏನಾದ್ರೂ ಆದ್ರೆ?

ಹಾಗೆ ನೋಡಬೇಡ ನನ್ನ.

ನೀನು ಹೇಳು, ಬೇರೆಯವರ ಮಕ್ಕಳು. ಅವರಮ್ಮಂದಿರು ನಿನ್ನ ಮುಖ ನೋಡಿ ಕಳಿಸ್ತಾರೆ. ನಡುದಾರೀಲಿ ಬ್ಯಾಟರಿ ಕೈ ಕೊಟ್ರೆ ಯಾರು ಜವಾಬ್ದಾರಿ?

ಏನೂ ಆಗಲ್ವಾ? ಹೌದು, ಓಡೋವಾಗ ಏನೂ ಆಗಲ್ಲ, ಒಪ್ತೀನಿ. ಬ್ಯಾಟರಿ ಕೆಲಸ ಇಂಜಿನ್ ಎಬ್ಬಿಸೋದು. ಎದ್ದ ಮೇಲೆ ಆಲ್ಟರ್ನೇಟರ್ ಕರೆಂಟು ಮಾಡ್ಕೊಳ್ಳುತ್ತೆ, ಬ್ಯಾಟರಿಗೂ ಅದೇ ಊಟ ಹಾಕುತ್ತೆ. ತೊಂದರೆ ಬರೋದು ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವಾಗ. ಓಡ್ತಿರೋ ಕಾರನ್ನ ಬ್ಯಾಟರಿ ಹಾಗೆಲ್ಲ ನಿಲ್ಲಿಸಲ್ಲ. ನಾನು ಏಳನೇ ಕ್ಲಾಸಲ್ಲಿದ್ದಾಗ ಬಾನೆಟ್ ಎತ್ತಿ ತೋರಿಸಿ ಹೇಳಿಕೊಟ್ಟಿದ್ದೇ ನೀ...

ಇಲ್ಲ. ನಾನು ಹೇಳಿದ್ದು ಹಾಗಲ್ಲ.

ಕೆಲವು ಸಲ ವೈರು ಸಡಿಲ ಇದ್ರೆ ಆಗಬಹುದು. ಅವತ್ತು ಹಾಗೇ ಆಗಿರಬೇಕು. ಎಲ್ಲೋ ಒಂದು ಕಡೆ ಲೂಸ್... ನಾನು ಪರೀಕ್ಷೆ ಮಾಡಿದೆನಲ್ಲ, ಮೀಟರ್ ಇಟ್ಟು. ಬ್ಯಾಟರಿ ಸತ್ತಿದೆ ಅಂತ ಹೇಳಿದೆನಲ್ಲ. ಕಳಚಿ ಲ್ಯಾಬಿಗೆ ತಗೊಂಡು ಹೋದೆನಲ್ಲ, ಇನ್ನೊಂದು ಸಲ ನೋಡ್ತೀನಿ ಅಂತ. ಅಲ್ಲೂ... ಅಲ್ಲೂ ನೋಡಿದೆ.

ಏನಾದ್ರೂ ಹೇಳು ಅಪ್ಪ.

ಕೇಳು. ಕೇಳೋದು ಇದೆ ತಾನೆ ಈಗ? ಬ್ಯಾಟರಿಯಿಂದ ಓಡ್ತಿರೋ ಕಾರು ನಿಲ್ಲಲ್ಲ ಅಂದ್ರೆ, ಅವತ್ತು ನಮ್ಮ ಕಾರು ಹೇಗೆ ನಿಂತಿತು? ಯಾರಾದ್ರೂ ಕೇಳೋ ಪ್ರಶ್ನೆ ಇದು. ನೀನು ಕೇಳು. ನಾನು ಉತ್ತರ ಹೇಳ್ತೀನಿ. ಇವತ್ತು ಹೇಳಿಬಿಡ್ತೀನಿ.

ಕೇಳಲ್ವಾ?

ಗೊತ್ತಿತ್ತಾ ನಿನಗೆ?

ಅಮ್ಮನಿಗೆ ಕೇಳಿಸಲ್ಲ, ಮಿಷನ್ ಓಡ್ತಾ ಇದೆ. ಸ್ವಲ್ಪ ಈಚೆ ಸರಿ. ಮಕ್ಕಳನ್ನ ಸ್ಕೂಲಲ್ಲಿ ಇಳಿಸಿ, ನನ್ನನ್ನ ಕಾಲೇಜಿಗೆ ಬಿಡೋಕೆ ಹೊರಟಿದ್ವಿ. ಇಳಿಜಾರಲ್ಲಿ, ಸಿಗ್ನಲ್ ಹತ್ರ. ಕೆಂಪು ದೀಪ ಬಿದ್ದಿತ್ತು, ಮುಂದೆ ಬಸ್ಸು ನಿಂತಿತ್ತು. ನೀನು ಬ್ರೇಕ್ ಹಾಕ್ತೀಯ ಅಂತ ಕಾದೆ. ಹಾಕಲಿಲ್ಲ. ಅಪ್ಪ ಅಂದೆ. ತಿರುಗಿ ನೋಡಿದ್ರೆ... ನಿನ್ನ ಕಣ್ಣು ತೆರೆದೇ ಇತ್ತು. ಕೈ ಸ್ಟೇರಿಂಗ್ ಮೇಲೇ ಇತ್ತು. ನೀನು ಮಾತ್ರ ಇರಲಿಲ್ಲ. ಮತ್ತೆ ಕರೆದೆ. ನಿನ್ನ ಮುಖದಲ್ಲಿ ನನ್ನ ದನಿ ಎಲ್ಲೂ ತಾಗಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದವಳು ನಾನು. ಎರಡೂ ಕೈಯಲ್ಲಿ ಎಳೆದೆ. ಕಾರು ಕಿರುಚಿ, ಗಡಗಡ ನಡುಗಿ, ಸತ್ತು ನಿಂತಿತು. ಬಸ್ಸಿನ ಹಿಂದೆ ಬರೆದಿರೋದನ್ನ ಓದೋಷ್ಟು ಹತ್ರ. ಆಮೇಲೆ ನೀನು ಕಣ್ಣು ಮಿಟುಕಿಸಿದೆ, ನಿದ್ದೆಯಿಂದ ಎದ್ದವನ ಹಾಗೆ. ಸುತ್ತ ನೋಡಿದೆ. ‘ಬ್ಯಾಟರಿ ಹೋಗಿರಬೇಕು’ ಅಂದೆ.

ಮೊದಲು ಬ್ಯಾಟರಿ ಅಂದಿದ್ದು ನೀನು. ನಾನು ‘ಇರಬೇಕು ಅಪ್ಪ’ ಅಂದೆ. ಅಷ್ಟೇ ನಾನು ಮಾಡಿದ್ದು. ಆಮೇಲೆ ಅದನ್ನೇ ಗಟ್ಟಿಯಾಗಿ ಹಿಡ್ಕೊಂಡೆ. ಆ ಬ್ಯಾಟರಿ ಹೊರಗಿದ್ದಷ್ಟು ದಿನ ನೀನು ಕಾರು ಹತ್ತಲ್ಲ ಅಂತ ನನಗೆ ಒಂದು ನೆಮ್ಮದಿ. ನಿನಗೆ ಏನೂ ಗೊತ್ತಾಗಿಲ್ಲ, ಹೇಳಿದ್ರೆ ನೀನು ಕುಗ್ಗಿ ಹೋಗ್ತೀಯ, ನಿಧಾನಕ್ಕೆ ಹೇಗೋ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ ಅಂತ... ಅಷ್ಟರಲ್ಲಿ ಒಂದು ಅಂಗಡಿ, ಇನ್ನೊಂದು ಅಂಗಡಿ. ದಿನ ತಳ್ಳಿದೆ.

ಅವತ್ತು ರಸ್ತೆ ಬದಿಗೆ ಕಾರು ತಳ್ಳಿಸಿದ್ವಿ, ದಾರೀಲಿ ಹೋಗೋರನ್ನ ಕೂಗಿ. ಮಾಮ ಯಾರದೋ ಜೀಪು ತಂದು ಹಗ್ಗ ಕಟ್ಟಿ ಮನೆವರೆಗೆ ಎಳ್ಕೊಂಡು ಬಂದ್ರು. ಅಷ್ಟು ಹೊತ್ತು ಕೀ ಅಲ್ಲೇ ಇತ್ತು ಅಪ್ಪ, ಅದರ ಜಾಗದಲ್ಲೇ. ಕಾರು ನಿಂತ್ರೆ ಯಾರಾದ್ರೂ ಮೊದಲು ಮಾಡೋದು ಏನು? ಕೀ ತಿರುಗಿಸಿ ನೋಡೋದು. ನಾನು ತಿರುಗಿಸಲಿಲ್ಲ, ಯಾಕೆ ಅಂತ ನನಗೆ ಗೊತ್ತು. ಸ್ಟಾರ್ಟ್ ಆಗಿಬಿಡುತ್ತೆ ಅಂತ ಭಯ.

ನೀನು ಯಾಕೆ ತಿರುಗಿಸಲಿಲ್ಲ?

ನಿನಗೂ ಅದೇ ಭಯ.

ಹಾಗಾದ್ರೆ ನನ್ನನ್ನ ಯಾಕೆ ಅಲೆಸಿದೆ ಅಪ್ಪ? ತಿರುವಿನವನ ಚೀಟಿ, ಗಾಜಿನ ಮನೆ, ಒಂದು ಒತ್ತಿ ಎರಡು ಒತ್ತಿ... ಎಲ್ಲಾ ಕೇಳ್ತಾ ಕೂತಿದ್ದೆ ನೀನು, ಹೌದು ಹೌದು ಅಂತ. ನಾನು ನಿನ್ನ ಕಿವಿಗೆ ಹೂವು ಇಟ್ಟೆ ಅಂದ್ಕೊಂಡಿದ್ದೆ. ನೀನೇ ತಲೆ ಬಗ್ಗಿಸಿ ಇಡಿಸಿಕೊಂಡೆ. ನಾನು ದಿನ ತಳ್ಳಲಿ ಅಂತ ನೀನೂ ಕಾಯ್ತಾ ಇದ್ದೆ ಅಲ್ವಾ? ಇನ್ನೊಂದು ದಿನ, ಇನ್ನೊಂದು ದಿನ ಅಂತ.

ಮತ್ತೆ ಮಾಮನನ್ನ ಯಾಕೆ ಕರೆದೆ? ಬ್ಯಾಟರಿ ಹಾಕಿಸಿ ಓಡಿಸೋ ಆಸೆ ಇಲ್ಲ ಅಂದ್ಮೇಲೆ...

ಬ್ಯಾಟರಿಗೆ ಅಲ್ವಾ?

ಮಕ್ಕಳಿಗಾ? ಸೋಮವಾರದಿಂದ ಮಾಮ ಓಡಿಸ್ತಾರಾ?

...ಒಪ್ಪಿದ್ರಾ?

ಏನು ಹೇಳಿದೆ ಅವರಿಗೆ? ಸೊಂಟ ನೋವು ಅಂದ್ಯಾ? ಬಿಡು, ಸೊಂಟ ನೋವು ಅಂತಾನೇ ಇರಲಿ ಸದ್ಯಕ್ಕೆ. ಅಮ್ಮನಿಗೆ ನಾವು ನಿಜ ಹೇಳೋಣ. ಮಕ್ಕಳ ಮನೆಯವರಿಗೂ ಹೇಳಬೇಕಾಗುತ್ತೆ, ನಾನು ಹೇಳ್ತೀನಿ. ಇವತ್ತೇ ಬೇಡ.

ಮುಖ ಆ ಕಡೆ ತಿರುಗಿಸಬೇಡ ಅಪ್ಪ. ಇಲ್ಲಿ ನಾನೊಬ್ಬಳೇ ಇರೋದು.

ಬ್ಯಾಟರಿಗೆ ಏನೂ ಆಗಿಲ್ಲ. ಲ್ಯಾಬಲ್ಲಿ, ನನ್ನ ಮೇಜಿನ ಕೆಳಗೆ, ಬಟ್ಟೆ ಮುಚ್ಚಿ ಇಟ್ಟಿದ್ದೀನಿ. ನಾಳೆ ಬರುವಾಗ ಆಟೋದಲ್ಲಿ ಹಾಕ್ಕೊಂಡು ತರ್ತೀನಿ, ಮಾಮ ಬರೋಷ್ಟರಲ್ಲಿ ಕೂರಿಸೋಣ. ಎಲ್ಲೂ ಕೊಳ್ಳೋದು ಬೇಡ.

ಮಂಗಳವಾರ ಡಾಕ್ಟರ ಹತ್ರ ಹೋಗಬೇಕು. ಈ ಸಲ ಹೌದು ಹೌದು ಅನ್ನಬೇಡ, ಬರ್ತೀನಿ ಅನ್ನು. ಕಾರು ಬೇಡ. ಮಾಮನ್ನೂ ಕರೆಯೋದು ಬೇಡ. ನಾವಿಬ್ಬರೇ ಬಸ್ಸಲ್ಲಿ ಹೋಗೋಣ. ಎಷ್ಟು ವರ್ಷ ಆಯ್ತೋ ನೀನು ಬಸ್ಸು ಹತ್ತಿ, ಜನರನ್ನ ನೋಡ್ತಾ ಸುಮ್ಮನೆ ಕೂತು. ಕಿಟಕಿ ಪಕ್ಕ ನೀನು ಕೂತ್ಕೋ ಅಪ್ಪ. ಈಚೆ ನಾನು ಕೂತ್ಕೋತೀನಿ.