ಏಕವಚನ

ಪರದೇಶದ ಪಿಕರಿಂಗ್ ಊರಿನ ಕಡೆ ಹೊರಟ ಟ್ರೇನಿನ ಹಿಂದಿನ ಸೀಟಿನಿಂದ ಧಾರವಾಡದ ಕನ್ನಡ ಕೇಳಿಬಂದದ್ದೇ ತಡ, ನಿಜಗುಣ ಕಿವಿಯಿಂದ ಇಯರ್‌ಫೋನ್ ತೆಗೆದ. ಅಕ್ಕ, ತಂಗಿ ಇರಬೇಕು. ಆಸ್ಟ್ರೇಲಿಯಾದ ಯಾವುದೋ ರಾಜ್ಯದ ವಿಧಾನಸಭೆಯ ಬಗ್ಗೆ ನೂರು ವರ್ಷಕ್ಕೂ ಹಿಂದಿನ ಪತ್ರಿಕೆಯೊಂದು ಬರೆದ ವರದಿಯನ್ನು ಅಕ್ಕ ಕನ್ನಡ ಸಂಘದ ಪ್ರದರ್ಶನಕ್ಕೆಂದು ಅನುವಾದಿಸಿದ್ದಳು. ಅದನ್ನೇ ಈಗ ಫೋನಿನಲ್ಲಿ ನೋಡಿಕೊಂಡು ಹೆಮ್ಮೆಯಿಂದ ಓದುತ್ತಿದ್ದಳು.

“‘ಈ ಜನಕ್ಕೆ ಓಟು ಕೊಡಬಾರದು ಎಂದು ಮಾನ್ಯ ಶಾಸಕರು ಗುಡುಗಿದರು. ಗ್ಯಾಲರಿಯಲ್ಲಿ ಕೂತಿದ್ದ ಭಾರತದ ಬಟ್ಟೆ ವ್ಯಾಪಾರಿ ಎದ್ದು ಹೊರಗೆ ಹೋದ.’”

“ಆ ವ್ಯಾಪಾರಿಗೆ ಎಷ್ಟು ವಯಸ್ಸು, ಜ್ಯೋತ್ಸ್ನಕ್ಕಾ?”

“ಅರವತ್ತು ದಾಟಿತ್ತಂತ.”

“ಶಾಸಕಗ?”

“ಇನ್ನೂ ಹುಡುಗ. ಮೊದಲನೇ ಸಲ ಗೆದ್ದು ಬಂದಿದ್ದ.”

“ಮತ್ತ ಹುಡುಗ ಗುಡುಗಿದರು, ಮುದುಕ ಎದ್ದು ಹೋದ?”

 ಅಕ್ಕ ಫೋನನ್ನು ಕಣ್ಣಿನ ಹತ್ತಿರ ತಂದು ಅದೇ ಸಾಲನ್ನು ಮತ್ತೆ ನೋಡಿದಳು.

“ಇಂಗ್ಲಿಷಿನ್ಯಾಗ ಹೆಂಗೈತಿ?”

“ಇಬ್ಬರಿಗೂ ‘ಹೀ’ ಅಂತನ ಐತಿ.”

“ತಿದ್ದಿಬಿಡು ಹಂಗಾರ.”

“ಎಲ್ಲಿ ತಿದ್ದಲಿ? ಬೋರ್ಡ್ ಪ್ರಿಂಟಾಗಿ ಸಂಘದ ಹಾಲ್‌ನ್ಯಾಗ ನಿಂತಾವು. ನಾಳೆ ಓಪನಿಂಗು.”

“ಹೋಗ್ಲಿ ಬಿಡು, ಯಾರೂ ಅಷ್ಟು ನೋಡಂಗಿಲ್ಲ.”

“ನೀ ನೋಡಿದೆಲ್ಲ.”

ಪಿಕರಿಂಗ್ ಬಂತು. ಇಬ್ಬರೂ ಬ್ಯಾಗು ಎತ್ತಿಕೊಂಡು ಬಾಗಿಲ ಬಳಿ ನಿಂತರು. ಬಾಗಿಲು ತೆರೆಯುವ ಹೊತ್ತಿಗೆ ಅಕ್ಕನ ದನಿ ಸಣ್ಣಗೆ ಕೇಳಿಸಿತು.

“ಓಟು ಬ್ಯಾಡ ಅಂದಾಂವ ಆ ಶಾಸಕ ಖರೆ. ಆದ್ರ ಆ ಹಿರ್ಯಾರನ್ನ ಏಕವಚನದಾಗ ಕರದಾಕಿ ನಾನ.”