ಅಜ್ಜಿಯ ಕೆಂಪು ಪಟ್ಟಿ

ಪೋಜ್ನಾನಿನ ಟ್ರಾಮಿನಲ್ಲಿ ಝೆನೋನನ ಎದುರಿಗೆ ಅಜ್ಜಿ, ಮೊಮ್ಮಗಳು ಕೂತಿದ್ದರು. ಇಬ್ಬರದೂ ಬಿಳಿ ಅಂಗಿ, ಕಪ್ಪು ಲಂಗ. ಶಾಲೆಯ ಕೊನೆಯ ಪರೀಕ್ಷೆ ಮತೂರಾಕ್ಕೆ ಹೊರಟವರ ಉಡುಪು.

“ಈ ವಯಸ್ಸಲ್ಲಿ ನಿಂಗ್ಯಾಕಜ್ಜಿ ಪರೀಕ್ಷೆ?”

“ಅವತ್ತೂ ಹೊರಟಿದ್ದೆ ಕಣೇ. ಹೊಸಿಲು ದಾಟೋಷ್ಟರಲ್ಲಿ ಹೆರಿಗೆ ನೋವು. ನಿಮ್ಮಪ್ಪ ಹುಟ್ಟಿದ.”

“ನಿಮ್ ಕಾಲದ ಶಾಲೆನೇ ಬೇರೆ.”

“ಏನ್ ಬೇರೆ? ಎಂಟು ವರ್ಷ, ಆಮೇಲೆ ನಾಲ್ಕು. ನಡುವೆ ಅದನ್ನ ಮುರಿದು ಆರು, ಮೂರು, ಮೂರು ಮಾಡಿದ್ರು. ಈಗ ಮತ್ತೆ ಎಂಟು, ನಾಲ್ಕು. ಊರೆಲ್ಲಾ ಸುತ್ತಿ ನನ್ನ ಬಾಗಿಲಿಗೇ ಬಂತು!”

“ಪರೀಕ್ಷೆಗೆ ನೂರು ದಿನ ಮುಂಚೆ ಶಾಲೇಲಿ ಕುಣಿದಾಗ ತೊಡೆಗೆ ಕಟ್ಟಿದ್ದ ಅದೃಷ್ಟದ ಕೆಂಪು ಪಟ್ಟಿ, ಇವತ್ತೂ ಕಟ್ಕೊಂಡಿದೀನಿ ಅಜ್ಜಿ. ಅದಿಲ್ದೆ ಯಾರು ಪಾಸಾಗ್ತಾರೆ!”

“ನಾನೂ ಕಟ್ಟಿದೀನಿ. ನನ್ನ ಕಾಲದ ಕುಣಿತದ್ದೇ, ಪೆಟ್ಟಿಗೇಲಿತ್ತು.”

“ಅಯ್ಯೋ, ಜಾರಲ್ವಾ?”

“ಪಿನ್ನು ಚುಚ್ಚಿದೀನಿ. ಏಳೇ, ಸ್ಟಾಪ್ ಬಂತು.”

ಅಜ್ಜಿ ಝೆನೋನನ ಕಡೆ ತಿರುಗಿದಳು.

“ಕಾಲು ತೆಗೀರಿ ಸ್ವಾಮಿ, ಪರೀಕ್ಷೆಗೆ ನಲವತ್ಮೂರು ವರ್ಷ ತಡವಾಗಿದೆ.”