ದಂಡಿನ ಕಲ್ಲು

ಸಪ್ಪಳ ಮಾಡಬ್ಯಾಡ್ರಿ, ಹೇಳತೇನಿ. ಇದು ನಮ್ಮ ಸೋದರತ್ತಿ ಮಗ ಶಟ್ಟೆಪ್ಪಗ ಆದದ್ದು. ತೊಂಬತ್ತೇಳನೇ ಇಸವಿ ಇರಬೇಕು.

ನೇಸರಗಿ ಸಂತಿ ಮುಗಿಸಿ ಅಂವ ಕಡೀ ಬಸ್ಸಿಗೆ ಬಂದ. ಬಸ್ಸು ಕ್ರಾಸಿನ್ಯಾಗ ಇಳಿಸಿ ಹ್ವಾತು. ಅಲ್ಲಿಂದ ಊರಿಗೆ ನಡಿಗಿ. ಹಾದ್ಯಾಗ ಒಂದು ಆಲದ ಗಿಡ, ಗಿಡದ ಬುಡಕ ಹಾಳು ಬಾಂವಿ, ಬಾಂವಿ ಮಗ್ಗಲಕ ಒಂದು ಕಲ್ಲು...

ಆ ಕಲ್ಲು ಹಳೇದಲ್ಲ. ಹಿಂದಿನ ವರ್ಷ ಊರಿನ ಸಂಘದವರು ನೆಟ್ಟಿದ್ದು. ‘ಕಿತ್ತೂರಿನ ಮೇಲೆ ಏರಿಹೋದ ದಂಡು ಈ ಹಾದಿಯಿಂದ ಸಾಗಿತು’ ಅಂತ ಕೆತ್ತಿಸಿದ್ರು. ನೆಟ್ಟ ಜಾಗಾ ಮಾತ್ರ ಸರಿ ಇರಲಿಲ್ಲ. ಶಟ್ಟೆಪ್ಪನ ಹೊಲಕ್ಕೂ ಅವರ ಅಣ್ಣ ಮಡಿವಾಳೆಪ್ಪನ ಹೊಲಕ್ಕೂ ನಡುವಿನ ಬದುವಿನ ತುದಿ ಅದು.

ಮಳಿಗಾಲ ಮುಗೀತಿದ್ದಂಗ ಕಲ್ಲು ಸರಿಯಾಕ ಹತ್ತಿತು. ಮುಂಜಾನೆ ನೋಡಿದ್ರ ಗೇಣುದ್ದ ಶಟ್ಟೆಪ್ಪನ ಹೊಲದ ಕಡೆ ಬಂದಿರೋದು. ಅಂವ ತಿರುಗಿ ಮೊದಲಿನ ಜಾಗಾಕ್ಕ ನೆಡಾಂವ. ಅದು ಮತ್ತ ಸರಿಯೋದು. ಶಟ್ಟೆಪ್ಪನ ತಲ್ಯಾಗ ಹುಳ ಹೊಕ್ಕಿತು... ಇದು ಅಣ್ಣಂದೇ ಕೆಲಸ. ಇವತ್ತು ಕಲ್ಲು ಸರಸ್ತಾನ, ನಾಳೆ ಬದು ಅಲ್ಲೇ ಅಂತಾನ.

ಅಣ್ಣ ತಮ್ಮನ ನಡುವ ಮಾತು ನಿಂತ್ವು. ಬೈಲಹೊಂಗಲದಾಗ ವಕೀಲರನ್ನ ನೋಡಿ ಬಂದ. ಹೆಂಡ್ತಿ ಸೋಮವ್ವ ಅತ್ಲು. “ಅಪ್ಪ-ಅವ್ವ ಸತ್ತಾಗ ನಿಮಗ ಉಣಿಸಿ ಬೆಳಿಸಿದಾವ್ರು ನಮ್ಮ ಭಾವಾರು. ಅವರ ಮ್ಯಾಲ ಕೇಸ್ ಹಾಕ್ತೀರೇನ್ರಿ?” ಅಂದ್ಲು. ಅಂವ ಕೇಳಲಿಲ್ಲ.

ಆ ಸಂತಿ ರಾತ್ರಿ ಆಲದ ಗಿಡದ ಹತ್ರ ಬಂದ. ಖಣ್...

ಕಬ್ಬಿಣದ ಹಾರಿ ಕಲ್ಲಿಗೆ ಬಡದ ಸಪ್ಪಳ.

ಖಣ್... ಖಣ್...

‘ಇವತ್ತು ಸಿಕ್ಕಿಬಿದ್ದಿ ಅಣ್ಣಾ’ ಅಂತ ಮನಸಿನ್ಯಾಗ ಅಂದ. ಚಪ್ಪಲಿ ಕಳದು ಕೈಯಾಗ ಹಿಡದ. ಬಿಳಲು ಸರಿಸಿ ಒಳಗ ಹೆಜ್ಜಿ ಇಟ್ಟ. ಅಲ್ಲಿ ಒಬ್ಬಾಂವ ಬಡಿಗಿ ಹಿಡದು ಕುಕ್ಕರಗಾಲಲೇ ಕುಂತಿದ್ದ. ಮಡಿವಾಳೆಪ್ಪ!

“ಅಣ್ಣಾ?”

“ಶ್... ನೀ ಇಲ್ಲಿದ್ರ ಅಲ್ಲಿ ಯಾರೋ?”

“ನೀನ ಅನ್ಕೊಂಡೆ...”

“ನಾ ನಿನ್ನ ಹಿಡಿಯಾಕ ಬಂದು ಕುಂತೇನಿ.”

ಖಣ್...

ಇಬ್ಬರೂ ಇಣುಕಿದ್ರು. ಬೆಳದಿಂಗಳು ಚೆಲ್ಲಿತ್ತು. ಕಲ್ಲಿನ ಹತ್ರ ಒಂದು ನರಪಿಳ್ಳೆ ಇರಲಿಲ್ಲ. ಕಲ್ಲು ಮಾತ್ರ ಸಡಲಾದ ಹಲ್ಲಿನಂಗ ಅಲುಗತಿತ್ತು.

ಕಪ್ಪಿ, ಜೀರುಂಡಿ, ಎಲ್ಲಾ ಗಪ್ಪ ಆದ್ವು. ಆಮ್ಯಾಲ... ಧಪ್, ಧಪ್, ಧಪ್. ಮಂದಿ ಹೆಜ್ಜಿ. ಸಾಲುಗಟ್ಟಿ ಮಂದಿ. ಗಾಡಿ ಅಚ್ಚು ಕಿರ್ರ್ ಅಂತು. ಕುದರಿ ಫುರ್ರ್ ಅಂತ ಸೀನಿತು. ಹಾದ್ಯಾಗಿನ ಧೂಳು ಎದ್ದು ಸಾಗಾಕ ಹತ್ತಿತು. ಧೂಳಿನ್ಯಾಗ ಯಾರೂ ಇರಲಿಲ್ಲ. ಬೆವರು, ಲದ್ದಿ, ಸುಟ್ಟ ಮದ್ದು ಕೂಡಿದಂಥ ಘಾಟು ವಾಸನಿ.

ಮಡಿವಾಳೆಪ್ಪ ಬಡಿಗಿ ಒಗದು ತಮ್ಮನ್ನ ಎದಿಗೆ ಅವಚಿಕೊಂಡ, ಸಣ್ಣಾಂವಿದ್ದಾಗ ಮಾಡಿದಂಗ. “ಉಸರು ಬಿಡಬ್ಯಾಡ” ಅಂದ.

ಹೆಜ್ಜಿ ಸಪ್ಪಳ ಕಿತ್ತೂರ ದಿಕ್ಕಿಗೆ ದೂರಾತು. ಆದ್ರ ಗಿಡದ ಮಗ್ಗಲಕ ಯಾರೋ ಕೆಮ್ಮಿದ್ರು. ಖೊಕ್... ಖೊಕ್... ಆ ಕೆಮ್ಮು ಮಾತ್ರ ಮುಂದ ಹೋಗಲಿಲ್ಲ.

ಅಣ್ಣ ತಮ್ಮ ಕೈ ಕೈ ಹಿಡಕೊಂಡು ಎದ್ರು. ತಿರುಗಿ ನೋಡದ ಊರ ಹಾದಿ ಹಿಡದ್ರು. ಸೋಮವ್ವ ಬಾಗಲಾ ತಗದ್ಲು. ಕರೆಂಟ್ ಇರಲಿಲ್ಲ. ಭಾವನ್ನ ನೋಡಿ ಕಣ್ಣೀರು ಒರೆಸಿಕೊಂಡ್ಲು. ಪಡಸಾಲ್ಯಾಗ ಹಾಸಿ ಕೊಟ್ಲು. ಇಬ್ಬರೂ ಒಂದೇ ಕೌದಿ ತಲಿತುಂಬ ಹೊದ್ದು ಬಿದ್ರು.

ಮುಂಜಾನೆ ಆಕಿ ಮೂರು ಕಪ್ ಚಹಾ ತಂದ್ಲು.

“ಇನ್ನೊಬ್ರು ಎಲ್ಲಿ ಹ್ವಾದ್ರು?”

“ಯಾರು?” ಅಂದ ಶಟ್ಟೆಪ್ಪ.

“ನಿಮ್ಮ ಹಿಂದ ಬಂದ್ರಲ್ಲ... ಮಾತಾಡಲಿಲ್ಲ, ಬರೇ ಕೆಮ್ಮಿದ್ರು. ಬಾಗಲ ಕಡೆ ಕಂಬಳಿ ಹಾಸಿ ಕೊಟ್ಟಿದ್ದೆ.”

ಮೂವರೂ ತಿರುಗಿ ನೋಡಿದ್ರು. ಕಂಬಳಿ ಬಿಗಿಯಾಗಿ ಸುತ್ತಿ, ಬೆನ್ನಿಗೆ ಏರಿಸಾಕ ಬರೂಹಂಗ ಹಗ್ಗ ಬಿಗದು ಇಟ್ಟಿತ್ತು.

ಶಟ್ಟೆಪ್ಪ ಮತ್ತ ವಕೀಲರ ಕಡೆ ಹೋಗಲಿಲ್ಲ. ಕಲ್ಲು ಎಲ್ಲಿ ನಿಂತಿತೋ ಅಲ್ಲೇ ಬಿಟ್ಟಾರ. ಕಂಬಳಿ ನನಗೂ ತೋರಿಸ್ಯಾರ್ರಿ, ಖರೇನ. ಆ ಗಂಟು ನಮ್ಮ ಕಡೆ ಯಾರೂ ಹಾಕೋ ಗಂಟಲ್ಲ. ಸುಳ್ಳು ಅನ್ನಾವ್ರು ಹೋಗಿ ಬಿಚ್ಚಿ ನೋಡ್ರಿ... ನಾ ಅಂತೂ ಮುಟ್ಟಿಲ್ಲ.